ಕಾಲ್‌ಶೀಟ್ ಕೊಡದ ಹೀರೋ!

ಮುಹೂರ್ತ, ಶೂಟಿಂಗು, ನೂರನೇ ದಿನದ ಸಮಾರಂಭ ಅಂತ ಅಲೆಯುವ ಈ ಬಡ ಪತ್ರಕರ್ತ ಡಿಸೆಂಬರ್ ಚಳಿಯಲ್ಲಿ ಬೆಳಗಾಗುವ ಮೊದಲೇ ನಂದಿಬೆಟ್ಟ ಹತ್ತಿದ ಅಂದರೆ ಏನಂದ್ಕೋತೀರಿ? ಯಾವುದೋ ಡ್ಯುಯೆಟ್ ಚಿತ್ರೀಕರಣ ಅಂತ ತಾನೆ? ತಪ್ಪು ಗೆಳೆಯರೇ! ಹೋದದ್ದು ಒಂದು ಹಕ್ಕಿಯ ಫೋಟೋಕ್ಕೆ.

ಇಂಡಿಯನ್ ಬ್ಲೂ ರಾಬಿನ್ ಅಂತ ಹೆಸರು. ಗುಬ್ಬಚ್ಚಿಯಷ್ಟೇ ಗಾತ್ರ. ಗಂಡಿಗೆ ನೀಲಿ ಬೆನ್ನು, ಕಿತ್ತಳೆ ಎದೆ, ಕಣ್ಣ ಮೇಲೆ ಬಿಳಿ ಹುಬ್ಬು... ಮೇಕಪ್ ಮ್ಯಾನ್ ಬೇಕೇ ಇಲ್ಲ! ಬೇಸಿಗೆಯಲ್ಲಿ ಹಿಮಾಲಯದಲ್ಲಿ ಸಂಸಾರ. ಚಳಿ ಬಿತ್ತೆಂದರೆ ಪಶ್ಚಿಮಘಟ್ಟ, ಶ್ರೀಲಂಕಾ ಕಡೆ ಪಯಣ. ಕೆಲವು ನಮ್ಮ ನಂದಿಯಲ್ಲೇ ಬಿಡಾರ ಹೂಡ್ತವೆ. 1,478 ಮೀಟರ್ ಎತ್ತರ, ಮಂಜು, ಮರದ ನೆರಳು, ಒದ್ದೆ ತರಗೆಲೆ, ಅದರಡಿ ಹುಳು. ಇನ್ನೇನು ಬೇಕು?

ಜೊತೆಗಿದ್ದವನು ಸ್ಟಿಲ್ ಫೋಟೋಗ್ರಾಫರ್ ಮಿತ್ರ. ಕ್ಯಾಮೆರಾ, 400 ಎಂ.ಎಂ. ಲೆನ್ಸು ಎಲ್ಲಾ ಅವನದೇ. ಸೆಟ್ಟಿನಲ್ಲಾದರೆ "ಲೈಟ್ಸ್!" ಅಂದರೆ ಸಾಕು. ಇಲ್ಲಿ ಏಳೂವರೆಗೂ ಮರದಡಿ ಕತ್ತಲೆ. ಐ.ಎಸ್.ಓ. 3200ಕ್ಕೆ ಏರಿಸಿದರೂ ಶಟರ್ 1/100 ದಾಟಲಿಲ್ಲ. ನೆಲದ ಹಕ್ಕಿಯಾದ್ದರಿಂದ ನಾವೂ ನೆಲಕ್ಕೇ ಹೊಟ್ಟೆ ಹಚ್ಚಿ ಮಲಗಿದೆವು. ಅಂಗಿಯೆಲ್ಲ ಒದ್ದೆ. ಪಿಕಳಾರಗಳು ಹರಟಿದವು, ಹರಟೆಮಲ್ಲಗಳು ತರಗೆಲೆ ಮಗುಚಿದವು. ಎಕ್ಸ್‌ಟ್ರಾಗಳೆಲ್ಲ ಹಾಜರ್, ಹೀರೋ ನಾಪತ್ತೆ!

ಒಂದು ಗಂಟೆ ಕಳೆಯಿತು. ನನಗೆ ತಾಳ್ಮೆ ಎಲ್ಲಿಂದ ಬರಬೇಕು? ಮೊಬೈಲಿನಲ್ಲಿ ಅದರದೇ ಕೂಗು ಹಾಕಿಬಿಟ್ಟೆ.

ಬಂತು ನೋಡಿ! ಬೇರಿನ ಮೇಲೆ ನಿಂತು ಬಾಲ ಕೊಡವುತ್ತಾ ಆ ಕಡೆ ಈ ಕಡೆ ಕತ್ತು ಹೊರಳಿಸಿತು. ಕಣ್ಣಲ್ಲಿ ಬೆಳಕಿನ ಚುಕ್ಕೆ. ಇಪ್ಪತ್ತು ಹೊಡೆದೆ. "ಎಂಥಾ ಪೋಸು ಗುರೂ!" ಅಂದೆ.

"ಪೋಸಲ್ಲ ಕಣೋ," ಅಂದ ಮಿತ್ರ. "ತನ್ನ ಜಾಗಕ್ಕೆ ಇನ್ನೊಬ್ಬ ನುಗ್ಗಿದ ಅಂತ ಹೊಡೆದಾಟಕ್ಕೆ ಬಂದಿದೆ. ಹುಳು ಹುಡುಕೋ ಹೊತ್ತು. ತಿಂದು ಮೈ ತುಂಬಿಕೊಂಡು ಮತ್ತೆ ಹಿಮಾಲಯಕ್ಕೆ ಹಾರಬೇಕು ಅದು. ಆಫ್ ಮಾಡು."

ಆಫ್ ಮಾಡಿದೆ. ಆದರೆ ಹಕ್ಕಿಗೆ ಅದು ಗೊತ್ತಾಗಬೇಕಲ್ಲ? ಇಲ್ಲದ ಶತ್ರುವನ್ನು ಹುಡುಕುತ್ತಾ ಪೊದೆಯಿಂದ ಪೊದೆಗೆ ಅಲೆಯಿತು. ಒಂದು ಎಲೆಯನ್ನೂ ಮಗುಚಲಿಲ್ಲ. ಹಿಂದೊಮ್ಮೆ, ಊಟಕ್ಕೆ ಕೂತಿದ್ದ ನಟರೊಬ್ಬರನ್ನು "ನಿರ್ಮಾಪಕರು ಬಂದಿದ್ದಾರೆ" ಅಂತ ಸುಳ್ಳು ಹೇಳಿ ಬಾಗಿಲಿಗೆ ಕರೆಸಿ ಫೋಟೋ ಹೊಡೆದಿದ್ದೆ. ಕೈ ತೊಳೆಯದೆ ಬಂದಿದ್ದರು ಪಾಪ. ಆ ಕೈ ನೆನಪಾಯ್ತು.

ನಾವಿಬ್ಬರೂ ಹಿಂದೆ ಸರಿದು ಕಲ್ಲಿನ ಮೇಲೆ ಕೂತೆವು. ಮಾತಿಲ್ಲ, ಬೀಡಿ ಇಲ್ಲ. ಬಿಸಿಲು ಎಲೆ ತೂರಿ ಇಳಿಯೋ ಹೊತ್ತಿಗೆ ತಾನಾಗಿಯೇ ಬಂತು. ಈ ಸಲ ನೆಲ ಕೆದಕಿತು, ಹುಳು ನುಂಗಿತು. ನಾನು ಕ್ಯಾಮೆರಾ ಎತ್ತುವಷ್ಟರಲ್ಲಿ ತಿರುಗಿತು!

ಸಂಪಾದಕರಿಗೆ ಕೊಟ್ಟಿರೋದು ಅದನ್ನೇ. ಬರೀ ಬೆನ್ನು, ಬಾಲ. ಮುಂಚಿನ ಇಪ್ಪತ್ತು ನನ್ನ ಹತ್ತಿರವೇ ಇವೆ. "ಹೀರೋ ಮುಖ ಎಲ್ಲಯ್ಯಾ?" ಅಂತ ಅವರು ಆಗಲೇ ಎರಡು ಸಲ ಫೋನ್ ಮಾಡಿದ್ದಾರೆ!