‘ಅಕ್ಕಾ, ಸೆರಗು!’ ಎಂದು ಕೂಗಿದರೆ ಸಾಲದು

ಮಾನ್ಯ ಸಂಪಾದಕರೇ,

ಹೊಸಪೇಟೆ–ಬಳ್ಳಾರಿ ಹೆದ್ದಾರಿಯಲ್ಲಿ ಗಾಡಿ ಓಡಿಸುವ ಯಾವ ಹೆಂಗಸನ್ನಾದರೂ ಕೇಳಿ ನೋಡಿ, ಗುರುತು ಪರಿಚಯ ಇಲ್ಲದವರು ತನಗೆ ಹೆಚ್ಚು ಸಲ ಕೂಗಿ ಹೇಳಿದ ಮಾತು ಯಾವುದೆಂದು. ‘ಅಕ್ಕಾ, ಸೆರಗು!’ ಎನ್ನುತ್ತಾಳೆ. ಎದುರಿಗೆ ಬರುವ ಹಾಲಿನವನು ಕೂಗುತ್ತಾನೆ, ಟಂಟಂ ಓಡಿಸುವವನು ಕೂಗುತ್ತಾನೆ, ಬಸ್ಸಿನ ಕಿಟಕಿಯಿಂದ ಅಜ್ಜಿಯೊಬ್ಬಳು ಕೈ ಬೀಸಿ ತೋರಿಸುತ್ತಾಳೆ. ನನ್ನ ಸೆರಗೂ ಎರಡು ಸಲ ಹೀಗೆ ಚಕ್ರಕ್ಕೆ ಸಿಗದೆ ಉಳಿದಿದೆ. ಕೂಗಿದ ಎಲ್ಲರಿಗೂ ನಾನು ಋಣಿ. ಆದರೆ ದಾರಿಹೋಕರು ನೋಡಿದರೆ ಬದುಕು, ನೋಡದಿದ್ದರೆ ಇಲ್ಲ ಎನ್ನುವ ಸ್ಥಿತಿಯಲ್ಲಿ ನಮ್ಮನ್ನು ಇಷ್ಟು ವರ್ಷ ಬಿಟ್ಟಿರುವುದು ಸರಿಯಲ್ಲ.

ಈ ಪತ್ರ ಬರೆಯುವಂತೆ ಮಾಡಿದ್ದು ಫೋಟೊಗಳು. ಮಹಿಳಾ ದಿನ ಬರಲಿ, ಮತದಾನ ಜಾಗೃತಿ ಬರಲಿ, ಪತ್ರಿಕೆಗಳಲ್ಲಿ ಬೈಕ್ ಜಾಥಾದ ಅದೇ ಚಿತ್ರ: ಸಾಲಾಗಿ ನಿಂತ ಬೈಕುಗಳು, ಇಳಕಲ್ ಸೀರೆ ಉಟ್ಟ ಹೆಣ್ಣುಮಕ್ಕಳು, ತಲೆಗೆ ಕೇಸರಿ ಪೇಟ, ಪಕ್ಕದಲ್ಲಿ ಹಸಿರು ನಿಶಾನೆ ಹಿಡಿದ ಗಣ್ಯರು. ಗಾಡಿ ಏರಿದ ಆ ಹೆಣ್ಣುಮಕ್ಕಳ ಬಗ್ಗೆ ನನಗೆ ಹೆಮ್ಮೆಯಿದೆ. ಅವರ ತಲೆಯ ಮೇಲೆ ಹೆಲ್ಮೆಟ್ ಇಲ್ಲದಿರುವುದು ಕಂಡು ಹೊಟ್ಟೆ ಉರಿಯುತ್ತದೆ. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಬೇಕು ಎನ್ನುತ್ತದೆ. ಮುಂಡಾಸು ಸುತ್ತಿದ ಸಿಖ್ಖರಿಗೆ ಅದು ವಿನಾಯಿತಿ ಕೊಟ್ಟಿದೆ. ಜಾಥಾದ ಪೇಟಕ್ಕೆ ಕೊಟ್ಟಿಲ್ಲ. ಮರುದಿನ ಅದೇ ರಸ್ತೆಯಲ್ಲಿ ಬರಿತಲೆಯಲ್ಲಿ ಹೋದರೆ 500 ರೂಪಾಯಿ ದಂಡ. ಯಾವ ಉಡುಪಿನಲ್ಲಿ ಹೋದರೆ ಹಿಡಿಯುತ್ತಾರೋ ಅದೇ ಉಡುಪಿನಲ್ಲಿ ನಿಲ್ಲಿಸಿ ಫೋಟೊ ತೆಗೆಸಿದರೆ, ಅದನ್ನು ನೋಡಿದ ಹತ್ತನೇ ಕ್ಲಾಸಿನ ಹುಡುಗಿ ಏನು ಕಲಿಯಬೇಕು?

ನಾನು ಗಾದಿಗನೂರಿನಲ್ಲಿ ಹೊಲಿಗೆ ಕೆಲಸ ಮಾಡುವವಳು. ಬಟ್ಟೆ, ದಾರ, ಲೈನಿಂಗ್ ತರಲು ವಾರಕ್ಕೆರಡು ಸಲ ಸ್ಕೂಟರಿನಲ್ಲಿ ಹೊಸಪೇಟೆಗೆ ಹೋಗಿ ಬರುತ್ತೇನೆ. ಒಂದು ರವಿಕೆಗೆ ಎದೆ, ಸೊಂಟ, ಭುಜ, ತೋಳು, ಕಂಕುಳು, ಕೊರಳಿನ ಇಳಿತ ಎಂದು ಏಳೆಂಟು ಅಳತೆ ಬರೆದುಕೊಳ್ಳುತ್ತೇನೆ. ಅರ್ಧ ಇಂಚು ಹೆಚ್ಚು ಕಡಿಮೆಯಾದರೆ ಬಿಚ್ಚಿ ಮತ್ತೆ ಹೊಲಿಯಬೇಕು. ಆದರೆ ನಾನು ಮೊದಲ ಹೆಲ್ಮೆಟ್ ಕೊಂಡ ದಿನ ಅಂಗಡಿಯಲ್ಲಿ ನನ್ನ ತಲೆಗೆ ಯಾರೂ ಟೇಪು ಹಿಡಿಯಲಿಲ್ಲ. ಮೇಲಿನ ಸಾಲಿನಿಂದ ಒಂದನ್ನು ಇಳಿಸಿ ‘ಇದು ಲೇಡೀಸ್‌ದು’ ಎಂದರು. ಗುಲಾಬಿ ಬಣ್ಣ, ಪಕ್ಕದಲ್ಲಿ ಚಿಟ್ಟೆ. ಒಳಗಿನ ಚೀಟಿಯಲ್ಲಿ 58 ಸೆಂಟಿಮೀಟರ್. ಮನೆಗೆ ಬಂದು ನನ್ನದೇ ಟೇಪಿನಲ್ಲಿ ಅಳೆದೆ, ನನ್ನ ತಲೆ 54. ಮಳೆ ಹನಿಯುತ್ತಿದ್ದ ಒಂದು ಸಂಜೆ ಉಬ್ಬಿನ ಬಳಿ ಜಾರಿ ಬಿದ್ದೆ. ವೇಗವೇನೂ ಇರಲಿಲ್ಲ. ಪಟ್ಟಿ ಬಿಗಿದಿದ್ದರೂ ಹೆಲ್ಮೆಟ್ ಹಿಂದಕ್ಕೆ ಸರಿದು ಹಣೆ ನೆಲಕ್ಕೆ ಬಡಿಯಿತು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಬಿದ್ದವು.

ಆಮೇಲೆ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ, ಒಬ್ಬಳಿಗಾದರೂ ಉಪಯೋಗವಾಗಲಿ. ಹುಬ್ಬಿನಿಂದ ಒಂದು ಇಂಚು ಮೇಲೆ, ಹಿಂದೆ ತಲೆ ಅತಿ ಉಬ್ಬಿದ ಕಡೆ ಸೇರುವಂತೆ ಟೇಪು ಸುತ್ತಬೇಕು. ಆ ಅಳತೆಯ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು, ಹಿಂದಿನ ಅಂಚು ಹಿಡಿದು ಮುಂದಕ್ಕೆ ಎತ್ತಿ ನೋಡಬೇಕು. ತಲೆಯಿಂದ ಕಳಚಿ ಬಂದರೆ ಅದು ನಿಮ್ಮದಲ್ಲ. ತುರುಬು ಕಟ್ಟಿ, ಮೇಲೆ ಹೂ ಮುಡಿದು ಹಾಕಿದರೆ ಹೆಲ್ಮೆಟ್ ಮುಂದಕ್ಕೆ ಬಾಗುತ್ತದೆ. ಜಡೆಯನ್ನು ಕತ್ತಿನ ಹತ್ತಿರ ಕೆಳಗೆ ಹೆಣೆದುಕೊಳ್ಳಬೇಕು, ಹೂ ಊರು ತಲುಪಿದ ಮೇಲೆ. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದಕ್ಕೆ 2021ರ ಜೂನ್ 1ರಿಂದಲೇ ದೇಶದಲ್ಲಿ ನಿಷೇಧವಿದೆ. ಆದರೂ ಹೆದ್ದಾರಿ ಬದಿಯಲ್ಲಿ ಹಗ್ಗಕ್ಕೆ ನೇತುಹಾಕಿ ಮಾರುವ ಟೊಪ್ಪಿಗೆಗಳು ಈಗಲೂ ಇವೆ, ಕಡಿಮೆ ಬೆಲೆಗೆ ಅವನ್ನು ಕೊಳ್ಳುವವರೂ ಇದ್ದಾರೆ.

ಹಿಂದೆ ಕೂರುವವರ ಕಥೆ ಇನ್ನೂ ಕಷ್ಟದ್ದು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಗಾಡಿ ಕೊಳ್ಳುವಾಗ ಜೊತೆಗೆ ಹೆಲ್ಮೆಟ್ ಕೊಡಬೇಕೆಂಬ ನಿಯಮವಿದೆ. ಆ ಹೆಲ್ಮೆಟ್ ಗಾಡಿ ಓಡಿಸುವ ಗಂಡಸಿನ ತಲೆಗೆ ಹೋಗುತ್ತದೆ. ಹೆಂಡತಿ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕಾಲನ್ನು ಒಂದೇ ಕಡೆ ಹಾಕಿ, ಬರಿತಲೆಯಲ್ಲಿ ಕೂರುತ್ತಾಳೆ. 2022ರಲ್ಲಿ ಹೆಲ್ಮೆಟ್ ಇಲ್ಲದೆ ದೇಶದಲ್ಲಿ 50,029 ಮಂದಿ ಸತ್ತರು, ಅವರಲ್ಲಿ 14,337 ಮಂದಿ ಹಿಂದೆ ಕೂತವರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯೇ ಹೇಳಿದೆ. ನಮ್ಮ ರಸ್ತೆಯಲ್ಲಿ ಹಿಂದೆ ಕೂರುವವರು ಯಾರೆಂದು ನಾನು ವಿವರಿಸಬೇಕಿಲ್ಲ. ಇನ್ನು ಚಕ್ರದ ವಿಷಯ. ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕಿಂತ ಕಡಿಮೆಯಾಗದಷ್ಟು ಮುಚ್ಚುವ ಸಾಧನ, ಹಿಡಿಕೆ, ಕಾಲಿಡುವ ಮೆಟ್ಟಿಲು ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಅದೇ ನಮ್ಮ ‘ಸೀರೆ ಗಾರ್ಡ್’. ಚೆಂದ ಕಾಣುವುದಿಲ್ಲ ಎಂದು ಹುಡುಗರು ಅದನ್ನು ಮೊದಲ ವಾರವೇ ಬಿಚ್ಚಿಸುತ್ತಾರೆ. ಹೆಲ್ಮೆಟ್ಟಿಗೆ ಗಾಡಿ ನಿಲ್ಲಿಸುವ ಪೊಲೀಸರು ಇದಕ್ಕೆ ನಿಲ್ಲಿಸಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ.

ಸೀರೆ ಬಿಡಿ ಎನ್ನಲು ಈ ಪತ್ರ ಬರೆಯುತ್ತಿಲ್ಲ. ಬೆಳಗಿನ ಹೊತ್ತು ನಮ್ಮೂರಿನ ರೈಲ್ವೆ ಸ್ಟೇಷನ್ ರಸ್ತೆಯ ಬಾಯಲ್ಲಿ ಐದು ನಿಮಿಷ ನಿಂತು ನೋಡಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ತೋರಣಗಲ್ಲಿನ ಕಾರ್ಖಾನೆಯ ಕಡೆ ಗುತ್ತಿಗೆ ಕೆಲಸಕ್ಕೆ ಹೋಗುವವರು, ತರಕಾರಿ ಬುಟ್ಟಿ ಕಟ್ಟಿಕೊಂಡವರು. ಅವರ ಮೈಮೇಲೆ ಏನಿದೆ? ಗಂಡನ ಹಳೆಯ ತುಂಬುತೋಳಿನ ಅಂಗಿ. ಸೀರೆಯ ಮೇಲೆ ಅದನ್ನು ತೊಟ್ಟು ಗುಂಡಿ ಹಾಕಿದರೆ ಸೆರಗು ಹಾರುವುದಿಲ್ಲ, 40 ಡಿಗ್ರಿ ಬಿಸಿಲಿಗೆ ತೋಳು ಸುಡುವುದಿಲ್ಲ, ಅದಿರು ಲಾರಿಯ ಕೆಂಧೂಳು ರವಿಕೆಗೆ ಹತ್ತುವುದಿಲ್ಲ. ಹೊಲದ ಕೂಲಿ ಹೆಂಗಸರು ಕಂಡುಕೊಂಡ ಉಪಾಯ ಅದು, ಅಲ್ಲಿಂದ ಸ್ಕೂಟರಿಗೆ ಬಂತು. ನಮ್ಮ ಭಾಗದ ಹೆಣ್ಣಿನ ರೈಡಿಂಗ್ ಜಾಕೆಟ್ ಇದೇ, ಯಾವ ಸರ್ಕಾರವೂ ಕೊಟ್ಟದ್ದಲ್ಲ. ಆದರೆ ಬಿದ್ದಾಗ ಆ ತೆಳು ಬಟ್ಟೆ ಡಾಂಬರಿನ ಮೇಲೆ ನಿಲ್ಲುವುದಿಲ್ಲ, ಮೊದಲು ಅದು ಹರಿಯುತ್ತದೆ, ಆಮೇಲೆ ಚರ್ಮ. ಕತ್ತಲಾದರೆ ಲಾರಿಯವನಿಗೆ ಕಾಣುವುದೂ ಇಲ್ಲ. ಮೊಣಕೈ, ಭುಜ, ಬೆನ್ನಿಗೆ ಕವಚವಿರುವ ಜಾಕೆಟ್‌ಗಳು ಪೇಟೆಯಲ್ಲಿವೆ, ಬೆಲೆ ಸಾವಿರಗಳಲ್ಲಿ. ಅವೂ ಹೆಚ್ಚಾಗಿ ಗಂಡಸಿನ ಭುಜಕ್ಕೆ ಕತ್ತರಿಸಿದವು. ತೋಳು ಸಡಿಲವಾಗಿದ್ದರೆ ಬೀಳುವಾಗ ಕವಚ ಮೊಣಕೈ ಬಿಟ್ಟು ಪಕ್ಕಕ್ಕೆ ತಿರುಗುತ್ತದೆ. ಹೊಲಿಗೆಯವಳಾಗಿ ಹೇಳುತ್ತೇನೆ, ಅಳತೆಗೆ ಕೂರದ ಕವಚ ಭಾರ ಮಾತ್ರ.

ಬೆಂಗಳೂರಿನ ಬೈಕ್ ರೇಸರ್ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನ್‌ನ ರ‍್ಯಾಲಿಯಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೇ ಪೆಟ್ಟಾಗಿ ಆಸ್ಪತ್ರೆ ಸೇರಿದ್ದರು. ಮರುವರ್ಷವೇ ಎಫ್‌ಐಎಂ ಬಾಹಾಸ್ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಅವರು ಗಾಡಿ ಓಡಿಸುವ ಚಿತ್ರ ನೋಡಿ: ಮುಖ ತುಂಬ ಹೆಲ್ಮೆಟ್, ಕೈಗವಸು, ಮೊಣಕಾಲಿನವರೆಗೆ ಬೂಟು. ಜಗತ್ತಿನಲ್ಲೇ ಚೆನ್ನಾಗಿ ಓಡಿಸುವವರಿಗೆ ಅಷ್ಟು ಬೇಕು ಎಂದಾದರೆ, ಹವಾಯಿ ಚಪ್ಪಲಿ, ಗಾಜಿನ ಬಳೆಯಲ್ಲಿ ಅದಿರು ಲಾರಿಗಳ ನಡುವೆ ಹೋಗುವವರಿಗೆ ಒಂದು ಹೆಲ್ಮೆಟ್, ಒಂದು ಜಾಕೆಟ್ ಆದರೂ ಬೇಡವೇ? ‘ಜಾಕೆಟ್ ಹಾಕ್ಕೊಂಡ್ರೆ ಗಂಡಸರ ಥರ ಕಾಣ್ತೀ’ ಎನ್ನುವ ಮನೆಗಳಿವೆ. ಆ ಮನೆಗಳ ಬಾಯಿ ಮುಚ್ಚಿಸಲು ಜಿಲ್ಲಾಡಳಿತ ಹಂಚಿದ ಒಂದು ಜಾಕೆಟ್ ಸಾಕು. ‘ಆಫೀಸಿನವರೇ ಕೊಟ್ಟಿದ್ದು’ ಎಂದರೆ ಅತ್ತೆಯೂ ಸುಮ್ಮನಾಗುತ್ತಾರೆ.

ದುಡ್ಡು ಎಲ್ಲಿಂದ ಎಂದು ಕೇಳಬೇಡಿ. ಗಣಿ ಬಾಧಿತ ಪ್ರದೇಶದ ಜನರ ಹಿತಕ್ಕಾಗಿಯೇ ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ನಿಧಿಗಳು ಹುಟ್ಟಿದವು. ಮಹಿಳೆ ಮತ್ತು ಮಕ್ಕಳ ಕಲ್ಯಾಣ ಅವುಗಳ ಹೆಚ್ಚಿನ ಆದ್ಯತೆಯ ಬಾಬ್ತುಗಳಲ್ಲಿ ಒಂದು. ಸಂಡೂರಿನ ಅದಿರು ಹೊತ್ತ ಲಾರಿಗಳ ಜೊತೆ ದಿನವೂ ರಸ್ತೆ ಹಂಚಿಕೊಳ್ಳುವ ಹೆಂಗಸರಿಗಿಂತ ಗಣಿ ಬಾಧಿತರು ಯಾರು? ಹೊಲಿಯುವವರು ಎಲ್ಲಿ ಎಂದೂ ಕೇಳಬೇಡಿ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ದಪ್ಪ ಡೆನಿಮ್ ಹೊಲಿಯುವ ಯಂತ್ರವೂ ಇದೆ, ಕೈಯೂ ಇದೆ. ಸಂಡೂರಿನ ಕುಶಲ ಕಲಾ ಕೇಂದ್ರದ ಲಂಬಾಣಿ ಹೆಣ್ಣುಮಕ್ಕಳ ಕಸೂತಿ 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯಲ್ಲಿ 1,755 ವಸ್ತುಗಳ ಪ್ರದರ್ಶನವಾಗಿ ಗಿನ್ನಿಸ್ ದಾಖಲೆ ಸೇರಿತು. ಪ್ರಪಂಚಕ್ಕೆ ತೋರಿಸುವಷ್ಟು ನುರಿತ ಆ ಕೈಗಳು ನಮ್ಮ ಮೈಯನ್ನೂ ಕಾಯಬಹುದು. ಬೇಕಿರುವುದು ಇಷ್ಟೇ: ಸೀರೆಯ ಮೇಲೂ ಚೂಡಿದಾರದ ಮೇಲೂ ತೊಡುವಂಥ, ಸೆರಗು ಒಳಗೆ ಸಿಕ್ಕಿಸುವ ಪಟ್ಟಿಯಿರುವ, ಮೊಣಕೈ ಭುಜಕ್ಕೆ ಕವಚ ಕೂರಿಸಲು ಜೇಬಿರುವ, ಬೆನ್ನಿಗೆ ಬೆಳಕಿಗೆ ಹೊಳೆಯುವ ಪಟ್ಟಿಯಿರುವ ಉದ್ದ ಅಂಗಿ. ಮೊದಲು ರಸ್ತೆಯ ಮೇಲೇ ಕೆಲಸವಿರುವ ಆಶಾ, ಅಂಗನವಾಡಿಯವರಿಗೆ, ಜೊತೆಗೆ ತಲೆ ಅಳೆದು ಕೊಟ್ಟ ಹೆಲ್ಮೆಟ್. ಅಂಗಿಯ ಬಟ್ಟೆ ಕತ್ತರಿಸುವ ನಕ್ಷೆ ನಾನೇ ಬರೆದಿಟ್ಟಿದ್ದೇನೆ, ಯಾರು ಕೇಳಿದರೂ ಪುಕ್ಕಟೆ ಕೊಡುತ್ತೇನೆ.

ತಮ್ಮಲ್ಲೂ ಒಂದು ಬೇಡಿಕೆ. ಮುಂದಿನ ಜಾಥಾದ ಫೋಟೊ ಮೇಜಿಗೆ ಬಂದಾಗ ಬರಿತಲೆಗಳಿದ್ದರೆ ಅದನ್ನು ಅಚ್ಚು ಹಾಕಬೇಡಿ. ಹಾಕಲೇಬೇಕಾದರೆ ಕೆಳಗೆ ಎಷ್ಟು ಮಂದಿ ಹೆಲ್ಮೆಟ್ ಇಲ್ಲದೆ ಇದ್ದರು, ನಿಶಾನೆ ತೋರಿದವರು ಯಾರು ಎಂದು ಎರಡು ಸಾಲು ಬರೆಯಿರಿ.

ಇಂತಿ,
ಹೊಲಿಗೆ ಕೆಲಸದ ಒಬ್ಬ ಓದುಗಿ,
ಗಾದಿಗನೂರು, ಹೊಸಪೇಟೆ ತಾಲ್ಲೂಕು