ಅಗ್ಗದ ಎಲ್‌ಇಡಿ ದೀಪವೂ ಅದರ ಶಾಖವೂ

ಮನೆಯೊಳಗೆ ಸಸಿ ಬೆಳೆಸುವವರಲ್ಲಿ ಹಲವರು ಎಲ್‌ಇಡಿ ದೀಪವು ಬಿಸಿಯಾಗುವುದಿಲ್ಲವೆಂದು ನಂಬಿರುವುದುಂಟು. ಇದು ಅರ್ಧ ಸತ್ಯವು. ಉತ್ತಮ ದೀಪದಲ್ಲಿಯೂ ವಿದ್ಯುತ್ತಿನ ಹೆಚ್ಚುಕಡಿಮೆ ಅರ್ಧ ಭಾಗವು ಶಾಖವಾಗುವುದು. ಅದು ಬೆಳಕಿನೊಡನೆ ಮುಂದಕ್ಕೆ ಬಾರದೆ ದೀಪದ ಬೆನ್ನಿನಲ್ಲಿ ಶೇಖರವಾಗುವುದು. ಅಲ್ಲಿಂದ ಹೊರಹೋಗದಿದ್ದಲ್ಲಿ ಬೆಳಕು ಕುಂದಿ, ದೀಪದ ಆಯುಷ್ಯವು ಕ್ಷೀಣಿಸುವುದು.

ಆದುದರಿಂದ ಕೊಳ್ಳುವವರು ಮೊದಲು ದೀಪದ ಬೆನ್ನನ್ನು ಪರೀಕ್ಷಿಸತಕ್ಕದ್ದು. ದಪ್ಪನೆಯ ಅಲ್ಯೂಮಿನಿಯಂ ತಗಡೂ ರೆಕ್ಕೆಗಳೂ ಉಳ್ಳ ದೀಪವು ಹಳ್ಳಿಯ ಮನೆಗೆ ಸಣ್ಣ ಫ್ಯಾನಿನ ದೀಪಕ್ಕಿಂತ ಮೇಲು. ಧೂಳು ತುಂಬಿ ಫ್ಯಾನು ನಿಂತಿತೆಂದರೆ ದೀಪವೂ ಬಹುಕಾಲ ಉಳಿಯದು. ದೀಪವನ್ನು ಅಟ್ಟಕ್ಕೆ ಒತ್ತಿ ಕಟ್ಟದೆ, ಮೇಲೆ ಗಾಳಿಯಾಡಲು ಎಡೆ ಬಿಡಬೇಕು.

ಪೆಟ್ಟಿಗೆಯ ಮೇಲಣ ‘1000 ವ್ಯಾಟ್’ ಎಂಬ ಬರಹವು ಅನೇಕ ವೇಳೆ ಬರಿಯ ಆಡಂಬರ. ಅಂತಹವು 100 ವ್ಯಾಟಿನಷ್ಟೇ ಸೆಳೆಯುವುದುಂಟು. ಒಂದು ಜೂಲ್ ವಿದ್ಯುತ್ತಿಗೆ ಎಷ್ಟು ಮೈಕ್ರೋಮೋಲ್ ಬೆಳಕೆಂದು ಕೇಳುವುದು ಲೇಸು. ಇದು 2ಕ್ಕೆ ಕಡಿಮೆಯಾದ ದೀಪವು ಬೆಲೆಯಲ್ಲಿ ಅಗ್ಗವಾದರೂ ಕರೆಂಟಿನ ಬಿಲ್ಲಿನಲ್ಲಿ ದುಬಾರಿಯೇ. 100 ವ್ಯಾಟಿನ ದೀಪವು ದಿನಕ್ಕೆ 12 ಗಂಟೆಯಂತೆ ಉರಿದರೆ 30 ದಿನಗಳಿಗೆ 36 ಯೂನಿಟ್ ವೆಚ್ಚವಾಗುವುದು. ಸೊಪ್ಪಿಗೂ ಮೆಣಸಿನಕಾಯಿ, ಟೊಮೇಟೋ ಸಸಿಗಳಿಗೂ ಈ ವೆಚ್ಚವು ತಾಳಬಹುದು. ಧಾನ್ಯಕ್ಕೆ ಎಂದಿಗೂ ತಾಳದು. ಬಿಸಿಲು ಚೆನ್ನಾಗಿ ಬೀಳುವ ಪಡಸಾಲೆಯುಳ್ಳವರಿಗಂತೂ ಈ ದೀಪದ ಗೊಡವೆಯೇ ಬೇಕಿಲ್ಲ.