64 ಬಿಟ್‌ನ ಜಾಣನಿಗೆ ಪುಟ್ಟ ಪಾಟಿಚೀಲ

ಹೊಸ ವಿಡಿಯೋ ಗೇಮ್ ಯಂತ್ರ ಅಂಗಡಿಗೆ ಬರುವ ಮೊದಲೇ ಅದರ ಅಂಕಿಗಳು ಮಕ್ಕಳ ಬಾಯಲ್ಲಿರುತ್ತವೆ. ‘ಅದನ್ನೇ ಕೊಡಿಸಿ’ ಎಂಬ ಹಟವೂ ಜೊತೆಗೆ! ಪಾಲಕರು ಆ ಅಂಕಿಗಳನ್ನು ಓದುವುದು ಹೇಗೆ?

1996ರ ಜೂನ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ನಿಂಟೆಂಡೊ 64’ರ ಹೆಸರಿನಲ್ಲೇ ಅಂಕಿಯಿತ್ತು. ಬಿಟ್ ಎಂದರೆ ಸೊನ್ನೆ ಇಲ್ಲವೇ ಒಂದು. ಇಂಥ 64 ಬಿಟ್‌ಗಳ ಸಂಖ್ಯೆಯನ್ನು ಅದರ ಪ್ರೊಸೆಸರ್ ಒಂದೇ ಏಟಿಗೆ ನಿಭಾಯಿಸುತ್ತಿತ್ತು. ಎದುರಾಳಿ ಸೋನಿ ಪ್ಲೇಸ್ಟೇಷನ್‌ನದು ಬರೀ 32. ಪ್ರೊಸೆಸರಿನ ಮಿಡಿತವೂ ಕಡಿಮೆ: ಸೆಕೆಂಡಿಗೆ ಸುಮಾರು 3.4 ಕೋಟಿ, ನಿಂಟೆಂಡೊದ್ದು 9.4 ಕೋಟಿ. ಆದರೆ ಹೆಚ್ಚಿನ ಆಟಗಳ ಲೆಕ್ಕ 32 ಬಿಟ್‌ನಲ್ಲೇ ಮುಗಿಯುತ್ತಿತ್ತು ಎಂಬುದು ಬೇರೆ ಮಾತು.

ಜಾಹೀರಾತಿನಲ್ಲಿ ಮೆರೆಯದ ಅಂಕಿ ಇನ್ನೊಂದಿತ್ತು. ನಿಂಟೆಂಡೊ ಆಟಗಳು ಬರುತ್ತಿದ್ದುದು ಕಾರ್ಟ್ರಿಜ್‌ನಲ್ಲಿ. ಅತಿ ದೊಡ್ಡದರಲ್ಲೂ ಹಿಡಿಸುತ್ತಿದ್ದುದು 64 ಮೆಗಾಬೈಟ್. ಸೋನಿಯ ಒಂದು ಸಿ.ಡಿ.ಯಲ್ಲಿ ಸುಮಾರು 650! ಸಿ.ಡಿ. ತಯಾರಿಕೆ ಅಗ್ಗ ಕೂಡ. ಕಾರ್ಟ್ರಿಜ್ ಹಾಕಿದೊಡನೆ ಆಟ ಶುರು, ಸಿ.ಡಿ.ಗೆ ಕಾಯಬೇಕು, ನಿಜ. ಆದರೂ ಆಟ ಬರೆಯುವವರಿಗೆ ಜಾಗ ಬೇಕಿತ್ತು. ಹಿಂದೆ ನಿಂಟೆಂಡೊ ಯಂತ್ರಗಳಿಗೇ ಬರುತ್ತಿದ್ದ ‘ಫೈನಲ್ ಫ್ಯಾಂಟಸಿ’ ಸರಣಿಯ ಏಳನೆಯ ಆಟ 1997ರಲ್ಲಿ ಮೂರು ಸಿ.ಡಿ.ಗಳಲ್ಲಿ ಪ್ಲೇಸ್ಟೇಷನ್‌ಗೆ ಬಂತು. ಕೊನೆಗೆ ಪ್ಲೇಸ್ಟೇಷನ್ ಮಾರಾಟ 10 ಕೋಟಿ ದಾಟಿತು; ನಿಂಟೆಂಡೊ 64 ಸುಮಾರು 3.3 ಕೋಟಿಗೆ ನಿಂತಿತು.